ರಬ್ಬರ್ ಕೀಲಿಯ ಸ್ಪೆಕ್ಟ್ರಮ್ 48ಕೆ: ಇವತ್ತು ಕೊಂಡರೆ ಕೈಗೆ ಬರುವುದೇನು, ಕೆಟ್ಟಿರುವುದೇನು

ಸ್ಪೆಕ್ಟ್ರಮ್ ಎಂದರೆ ಟಿವಿಗೆ ಜೋಡಿಸಿ ಬಳಸುವ, 1980ರ ದಶಕದ ಪುಟ್ಟ ಮನೆ ಕಂಪ್ಯೂಟರ್. ಅದರ ಹಳೆಯ ಯಂತ್ರದ ಮಾರಾಟದ ಜಾಹೀರಾತಿನಲ್ಲಿ ‘ಟೆಸ್ಟ್ ಮಾಡಿಲ್ಲ’ ಎಂದಿದ್ದರೆ ಅದನ್ನು ‘ಟೆಸ್ಟ್ ಮಾಡಿದೆವು, ಕೆಟ್ಟಿದೆ’ ಎಂದೇ ಓದಿಕೊಳ್ಳಿ. ‘ಆನ್ ಆಗುತ್ತದೆ’ ಎಂಬ ಮಾತಿಗಂತೂ ಅರ್ಥವೇ ಇಲ್ಲ. ಈ ಯಂತ್ರಕ್ಕೆ ಸ್ವಿಚ್ಚೂ ಇಲ್ಲ, ಉರಿಯುವ ದೀಪವೂ ಇಲ್ಲ. ಆನ್ ಆಯಿತೆಂದು ಅವರಿಗೆ ಗೊತ್ತಾದದ್ದಾದರೂ ಹೇಗೆ? ಮಾರುವವರ ಹತ್ತಿರ ಒಂದೇ ಒಂದು ಫೋಟೋ ಕೇಳಿ: ಟಿವಿ ಪರದೆಯ ಕೆಳಗಡೆ ‘© 1982 ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್’ ಎಂಬ ಸಾಲು ಕಾಣಬೇಕು. ಆ ಸಾಲು ಬಂದರೆ ಯಂತ್ರಕ್ಕೆ ಮುಕ್ಕಾಲು ಪಾಲು ಜೀವ ಇದೆ. ಉಳಿದ ಕಾಲು ಪಾಲು ಕೀಬೋರ್ಡಿನದು, ಅದು ಹೆಚ್ಚುಕಮ್ಮಿ ಹೋಗಿಯೇ ಇರುತ್ತದೆ.

ಇತಿಹಾಸ ಎರಡು ಮಾತಲ್ಲಿ ಮುಗಿಸೋಣ. ಝಡ್‌ಎಕ್ಸ್ ಸ್ಪೆಕ್ಟ್ರಮ್ ಬಂದದ್ದು 1982ರ ಏಪ್ರಿಲ್ 23ಕ್ಕೆ, ಕೇಂಬ್ರಿಡ್ಜ್‌ನ ಕ್ಲೈವ್ ಸಿಂಕ್ಲೇರ್ ಕಂಪನಿಯಿಂದ. 16ಕೆ (ಅಂದರೆ 16 ಕಿಲೋಬೈಟ್ ಮೆಮೊರಿಯ) ಮಾದರಿಗೆ 125 ಪೌಂಡ್, 48ಕೆಗೆ 175 ಪೌಂಡ್. ಯಂತ್ರದ ವಿನ್ಯಾಸ ರಿಚರ್ಡ್ ಆಲ್ಟ್‌ವಾಸರ್ ಅವರದು, ಅದರೊಳಗಿನ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರೆದವರು ಸ್ಟೀವ್ ವಿಕರ್ಸ್, ಹೊರಗಿನ ರೂಪ ಕೊಟ್ಟವರು ರಿಕ್ ಡಿಕಿನ್ಸನ್. ತಯಾರಾಗುತ್ತಿದ್ದದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿ, ಟೈಮೆಕ್ಸ್ ಕಾರ್ಖಾನೆಯಲ್ಲಿ. 1986ರಲ್ಲಿ ಆಮ್‌ಸ್ಟ್ರಾಡ್ 50 ಲಕ್ಷ ಪೌಂಡ್ ಕೊಟ್ಟು ಸಿಂಕ್ಲೇರ್ ಕಂಪ್ಯೂಟರುಗಳ ವ್ಯವಹಾರವನ್ನೇ ಕೊಂಡುಕೊಂಡಿತು. ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಲೈಸೆನ್ಸ್ ಪಡೆದು ಸ್ಪೆಕ್ಟ್ರಮ್ ಪ್ಲಸ್ ಎಂಬ, ಗಟ್ಟಿ ಪ್ಲಾಸ್ಟಿಕ್ ಕೀಲಿಗಳ ಮುಂದಿನ ಮಾದರಿಯನ್ನು ಮಾರಿತ್ತು. ‘ಡಿಬಿ ಸ್ಪೆಕ್ಟ್ರಮ್’ ಎಂಬ ಹೆಸರು ಕೆಲವರಿಗಾದರೂ ನೆನಪಿರಬಹುದು. ಆ ಕಾಲದಲ್ಲಿ ಶಾಲೆಯಲ್ಲಿ ಕಂಪ್ಯೂಟರ್ ಮುಟ್ಟಿದವರು ಮುಟ್ಟಿದ್ದು ಸಾಮಾನ್ಯವಾಗಿ ಬಿಬಿಸಿ ಮೈಕ್ರೋವನ್ನು, ಸರ್ಕಾರದ ಕ್ಲಾಸ್ ಯೋಜನೆಯ ದಯೆಯಿಂದ. ಅದು ಬೇರೆಯೇ ಜಾತಿ.

ಪೆಟ್ಟಿಗೆ ಬಿಚ್ಚಿದಾಗ ಮೊದಲ ಅಚ್ಚರಿ ಗಾತ್ರದ್ದು. 23 ಸೆಂಟಿಮೀಟರ್ ಉದ್ದ, 14 ಚಿಲ್ಲರೆ ಅಗಲ, 3 ಸೆಂಟಿಮೀಟರ್ ದಪ್ಪ, ಶಾಲೆಯ ನೋಟ್‌ಬುಕ್ಕಿನಷ್ಟೇ. 40 ಬೂದು ರಬ್ಬರ್ ಕೀಲಿಗಳು, ಬಲಗಡೆ ಮೂಲೆಯಲ್ಲಿ ಓರೆಯಾಗಿ ನಾಲ್ಕು ಬಣ್ಣದ ಪಟ್ಟಿ. ಒಳಗೆ 3.5 ಮೆಗಾಹರ್ಟ್ಸ್‌ನ ಝಡ್80ಎ ಪ್ರೊಸೆಸರ್, ಅಳಿಸಲಾಗದ 16 ಕೆಬಿ ರೋಮ್ ಮೆಮೊರಿ. ಅದರ ಮೇಲೆ 48 ಕೆಬಿ ರಾಮ್, ಮತ್ತು ಚಿತ್ರ, ಕೀಬೋರ್ಡ್, ಕ್ಯಾಸೆಟ್ ಮೂರನ್ನೂ ಒಬ್ಬಂಟಿಯಾಗಿ ನೋಡಿಕೊಳ್ಳುವ ಫೆರಾಂಟಿ ಕಂಪನಿಯ ಯುಎಲ್‌ಎ ಚಿಪ್.

ಈಗ ಕರೆಂಟಿನ ಮಾತು. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇದೊಂದು ಭಾಗವನ್ನಾದರೂ ಓದಿ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಆದರೆ ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಮನೆಯಲ್ಲಿ ಬಿದ್ದಿರುವ ರೂಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರುಗಳೆಲ್ಲ ಬಹುಪಾಲು ಇದಕ್ಕೆ ತದ್ವಿರುದ್ಧ. ಪಿನ್ ಹಿಡಿಸಿತು, 9 ವೋಲ್ಟ್ ಅಂತಲೂ ಬರೆದಿದೆ ಎಂದು ಚುಚ್ಚಿದರೆ ಕಥೆ ಮುಗಿಯಿತು. ಸರಿಯಾದ ಹಳೆಯ ಸಿಂಕ್ಲೇರ್ ಅಡಾಪ್ಟರ್ ಜೊತೆಗೇ ಬಂದಿದ್ದರೂ ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಅದರೊಳಗೆ ಟ್ರಾನ್ಸ್‌ಫಾರ್ಮರ್ ಇದೆ, ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಹಿಡಿದಿಡುವ ರೆಗ್ಯುಲೇಟರ್ ಇಲ್ಲ; ಲೋಡ್ ಇಲ್ಲದೆ ಅಳೆದರೆ ಮೀಟರ್ 12, 13 ವೋಲ್ಟ್ ತೋರಿಸುವುದು ಸಹಜ. ಆ ಹೆಚ್ಚುವರಿಯನ್ನೆಲ್ಲ ಯಂತ್ರದ ಒಳಗೆ 5 ವೋಲ್ಟಿಗೆ ಇಳಿಸುವ 7805 ಎಂಬ ರೆಗ್ಯುಲೇಟರ್ ಬಿಸಿ ಮಾಡಿ ಕಳೆಯುತ್ತದೆ. ಸ್ಪೆಕ್ಟ್ರಮ್‌ನ ಬೆನ್ನು ದೋಸೆ ಹೆಂಚಿನ ಹಾಗೆ ಕಾಯುವುದು ಇದೇ ಕಾರಣಕ್ಕೆ. ಬ್ರಿಟನ್ನಿನಿಂದ ತರಿಸಿದ ಅಡಾಪ್ಟರ್ ನಮ್ಮ 230 ವೋಲ್ಟಿಗೆ ಸರಿಹೊಂದುತ್ತದೆ, ಪ್ಲಗ್ಗಿನ ಆಕಾರವೊಂದೇ ಬೇರೆ. ಅಮೆರಿಕದಲ್ಲಿರುವವರು ಮಾತ್ರ ಅದನ್ನು ಬಿಟ್ಟು, ಸೆಂಟರ್ ನೆಗೆಟಿವ್ (ಪಿನ್ನಿನ ಒಳಭಾಗ ಮೈನಸ್) ಇರುವ ಹೊಸ ಸ್ವಿಚಿಂಗ್ ಅಡಾಪ್ಟರನ್ನೇ ಕೊಳ್ಳಬೇಕು. ನಿಜ ಹೇಳಬೇಕೆಂದರೆ ಎಲ್ಲರೂ ಹಾಗೆ ಮಾಡುವುದೇ ಒಳ್ಳೆಯದು. ಸೋಲ್ಡರಿಂಗ್ ಬರುವವರು 7805 ಕಿತ್ತು ಅದೇ ಮೂರು ರಂಧ್ರಕ್ಕೆ 5 ವೋಲ್ಟಿನ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿಬಿಟ್ಟರೆ ಅಲ್ಯೂಮಿನಿಯಂ ಹೀಟ್‌ಸಿಂಕನ್ನೂ ತೆಗೆದಿಡಬಹುದು.

ಕರೆಂಟು ಕೆಟ್ಟರೆ ಮೊದಲು ಸಾಯುವುದು 48 ಕೆಬಿ ರಾಮ್‌ನಲ್ಲಿ ಕೆಳಗಿನ, ಎಂದರೆ ಮೊದಲ 16 ಕೆಬಿ ಮೆಮೊರಿ. ಅದಕ್ಕೆ ಬಳಸಿರುವ 4116 ಚಿಪ್‌ಗಳಿಗೆ 5 ವೋಲ್ಟ್ ಒಂದೇ ಸಾಲದು, 12 ವೋಲ್ಟೂ ಮೈನಸ್ 5 ವೋಲ್ಟೂ ಬೇಕು. ಆ ಎರಡನ್ನೂ ಬೋರ್ಡಿನ ಮೇಲಿರುವ ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರು, ಒಂದು ಕಾಯಿಲ್ ಸೇರಿ ತಯಾರಿಸುತ್ತವೆ. ಯಂತ್ರ ಆನ್ ಇರುವಾಗಲೇ ಹೊರಗಿನ ಸಾಧನ ಸಿಕ್ಕಿಸುವ ಹಿಂದಿನ ಎಡ್ಜ್ ಕನೆಕ್ಟರಿಗೆ ಜಾಯ್‌ಸ್ಟಿಕ್ ಇಂಟರ್‌ಫೇಸ್ ತುರುಕಿದರೆ, ಇಲ್ಲವೇ ಸಿಕ್ಕಿಸಿದ್ದು ಸ್ವಲ್ಪ ಅಲುಗಾಡಿದರೆ, ಪಕ್ಕದ ಎರಡು ಗೆರೆಗಳು ಮುಟ್ಟಿಕೊಂಡು ಟಿಆರ್4 ಸುಡುತ್ತದೆ. ಮೈನಸ್ 5 ನಿಲ್ಲುತ್ತದೆ, ಹಿಂದೆಯೇ 4116ಗಳು ಒಂದೊಂದಾಗಿ ಹೋಗುತ್ತವೆ. ಪರದೆಯ ಮೇಲೆ ಇದು ಚೌಕುಳಿ ಲುಂಗಿಯಂಥ ಬಣ್ಣದ ಕಲಸುಮೇಲೋಗರವಾಗಿ, ಇಲ್ಲವೇ ಉದ್ದುದ್ದ ಪಟ್ಟಿಗಳಾಗಿ ಕಾಣುತ್ತದೆ.

ಪರೀಕ್ಷೆ ಸುಲಭ. ತಳದ ಐದು ಸ್ಕ್ರೂ ಬಿಚ್ಚಿ, ಮಲ್ಟಿಮೀಟರಿನ ಕಪ್ಪು ತುದಿಯನ್ನು ಗ್ರೌಂಡಿಗೆ ಹಿಡಿದು, ಐಸಿ6ರಿಂದ ಐಸಿ13ರವರೆಗಿನ ಯಾವುದಾದರೂ 4116ರ ಮೇಲೆ ಅಳೆಯಿರಿ: 1ನೇ ಪಿನ್ನಿನಲ್ಲಿ ಮೈನಸ್ 5, 8ನೇ ಪಿನ್ನಿನಲ್ಲಿ 12, 9ನೇ ಪಿನ್ನಿನಲ್ಲಿ 5 ವೋಲ್ಟ್ ಇರಬೇಕು, 16 ಗ್ರೌಂಡ್. 1ನೇ ಪಿನ್ನಿನಲ್ಲಿ ಸೊನ್ನೆ ಇದ್ದರೆ ತಕ್ಷಣ ಕರೆಂಟು ತೆಗೆಯಿರಿ, ಹಾಗೇ ಬಿಟ್ಟಷ್ಟೂ ಚಿಪ್‌ಗಳ ಆಯಸ್ಸು ಕಮ್ಮಿ. ಟಿಆರ್4ಕ್ಕೆ ಮೂಲದ ಝಡ್‌ಟಿಎಕ್ಸ್650 ಬದಲು ಝಡ್‌ಟಿಎಕ್ಸ್651, ಟಿಆರ್5ಕ್ಕೆ ಝಡ್‌ಟಿಎಕ್ಸ್213 ಹಾಕಿ. ಎರಡನ್ನೂ ಒಟ್ಟಿಗೇ ಬದಲಿಸಿ, ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ತನ್ನ ಜೊತೆ ಕರೆದೊಯ್ಯುತ್ತದೆ. ಎಂಟೂ 4116ಗಳ ಜಾಗಕ್ಕೆ ಕೂರುವ, 5 ವೋಲ್ಟ್ ಮಾತ್ರ ಬೇಡುವ ಹೊಸ ಮಾಡ್ಯೂಲ್‌ಗಳು ಈಗ ಸಿಗುತ್ತವೆ. ಅದು ಹಾಕಿದೆ, ಇನ್ನು ಟಿಆರ್4ರ ಗೊಡವೆ ಬೇಡ ಎಂದುಕೊಳ್ಳಬೇಡಿ, ಚಿತ್ರದ ಸರ್ಕ್ಯೂಟಿಗೆ ಆ 12 ವೋಲ್ಟ್ ಬೇಕೇ ಬೇಕು.

ಮೇಲಿನ 32 ಕೆಬಿಯದ್ದು ಬೇರೆ ಕತೆ. ಸಿಂಕ್ಲೇರ್ ಜಿಪುಣತನದ ಒಳ್ಳೆಯ ನಮೂನೆ ನೋಡಬೇಕೆಂದರೆ ಇಲ್ಲಿದೆ: 64 ಕಿಲೋಬಿಟ್ ಚಿಪ್‌ಗಳಲ್ಲಿ ಅರ್ಧ ಭಾಗ ಕೆಟ್ಟಿದ್ದವನ್ನು ಅಗ್ಗಕ್ಕೆ ಕೊಂಡು, ಸರಿಯಿದ್ದ ಅರ್ಧವನ್ನಷ್ಟೇ ಬಳಸಿದರು. ಇವು ಕೆಟ್ಟರೂ ಯಂತ್ರ ಎಷ್ಟೋ ಸಲ ಏನೂ ಆಗದ ಹಾಗೆ ಏಳುತ್ತದೆ, ಕಾಪಿರೈಟ್ ಸಾಲೂ ಬರುತ್ತದೆ. ಅದಕ್ಕೇ ಫೋಟೋ ಒಂದನ್ನೇ ನಂಬಬಾರದು. ಪ್ರಿಂಟ್ ಪೀಕ್ 23732+256*ಪೀಕ್ 23733 ಎಂಬ ಬೇಸಿಕ್ ಆದೇಶವನ್ನು ಮಾರುವವರಿಂದ ಕೊಡಿಸಿ ನೋಡಿ. 65535 ಬಂದರೆ 48 ಕೆಬಿಯೂ ಸರಿ. 32767 ಬಂದರೆ ನಿಮ್ಮ 48ಕೆ ಸದ್ಯಕ್ಕೆ 16ಕೆ. ಬೇಸರ ಬೇಡ, 1983ರ ಜೆಟ್‌ಪ್ಯಾಕ್ ಆಟ 16 ಕೆಬಿಯಲ್ಲೇ ಓಡುತ್ತದೆ, ರಿಪೇರಿಯಾಗುವ ತನಕ ಅದನ್ನಾಡಬಹುದು.

ಕೀಬೋರ್ಡಿಗೆ ಬರೋಣ. ರಬ್ಬರ್ ಹಾಳಾಗುವುದು ಅಪರೂಪ, ಅದರಡಿಯಲ್ಲಿ ಒತ್ತಿದ ಕೀಲಿಯನ್ನು ಗುರುತಿಸುವ ತೆಳು ಪ್ಲಾಸ್ಟಿಕ್ ಹಾಳೆ, ಮೆಂಬ್ರೇನ್, ಹಾಳಾಗದೇ ಇರುವುದು ಅಪರೂಪ. ಅದರಿಂದ ಎರಡು ಚಪ್ಪಟೆ ಬಾಲಗಳು ಬೋರ್ಡಿಗೆ ಇಳಿಯುತ್ತವೆ. ಒಂದರಲ್ಲಿ 5 ಗೆರೆ, ಇನ್ನೊಂದರಲ್ಲಿ 8. ವರ್ಷಗಳ ಬಿಸಿಗೆ ಬಾಲಗಳು ಹಪ್ಪಳದ ಹಾಗೆ ಗರಿಗರಿಯಾಗಿರುತ್ತವೆ. ಮೇಲ್ಮುಚ್ಚಳವನ್ನು ಗಬಕ್ಕನೆ ಎತ್ತಿದರೆ ಚಟ್ಟನೆ ಮುರಿಯುತ್ತವೆ, ಆದ್ದರಿಂದ ಎರಡು ಬೆರಳಿನಷ್ಟೇ ಎತ್ತಿ, ಬಾಲಗಳನ್ನು ನೆಟ್ಟಗೆ ಮೇಲಕ್ಕೆ ಎಳೆದು ಬಿಡಿಸಿ. ಯಾವ ಬಾಲ ಸೀಳಿದೆ ಎಂಬುದನ್ನು ಪೆಟ್ಟಿಗೆ ಬಿಚ್ಚದೆಯೇ ಹೇಳಬಹುದು. ಕ್ಯೂ, ಡಬ್ಲ್ಯೂ, ಇ, ಆರ್, ಟಿ ಹೀಗೆ ಪಕ್ಕಪಕ್ಕದ ಐದು ಕೀಲಿ ಒಟ್ಟಿಗೆ ಸತ್ತಿದ್ದರೆ 8 ಗೆರೆಯ ಬಾಲದಲ್ಲಿ ಒಂದು ಗೆರೆ ಹೋಗಿದೆ. 1, ಕ್ಯೂ, ಎ, ಕ್ಯಾಪ್ಸ್ ಶಿಫ್ಟ್, 0, ಪಿ, ಎಂಟರ್, ಸ್ಪೇಸ್ ಈ ಎಂಟೂ ಸತ್ತಿದ್ದರೆ 5 ಗೆರೆಯ ಬಾಲದ್ದು. ಹಳೆಯ ಬಾಲವನ್ನು ಕತ್ತರಿಸಿ ಗಿಡ್ಡ ಮಾಡಿ ಮತ್ತೆ ಸಿಕ್ಕಿಸುವ ಉಪಾಯ ಕೆಲವರು ಹೇಳುತ್ತಾರೆ, ಬೇಡ, ಆರು ತಿಂಗಳಿಗೆ ಮತ್ತೆ ಅದೇ ಪಾಡು. ಹೊಸ ಮೆಂಬ್ರೇನ್ ಸಿಗುತ್ತದೆ, ಅದನ್ನೇ ಹಾಕಿ. ಹಾಕಬೇಕಾದರೆ ಕೀಲಿಗಳ ಸುತ್ತಲಿನ ಕಪ್ಪು ಲೋಹದ ತಗಡನ್ನು ತೆಗೆಯಬೇಕು. ಅದು ಅಂಟಿನ ಮೇಲೆ ಕೂತಿದೆ. ಹೇರ್‌ಡ್ರೈಯರಿನಿಂದ ಬಿಸಿ ಮಾಡುತ್ತ, ಮೂಲೆಯಿಂದ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ ತೂರಿಸುತ್ತ ನಿಧಾನ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಗಡು ಸೊಟ್ಟಗಾಗುತ್ತದೆ, ಆಮೇಲೆ ಅದು ಎಂದಿಗೂ ಚಪ್ಪಟೆಯಾಗದು. ಡಿಬಿ ಸ್ಪೆಕ್ಟ್ರಮ್ ಅಥವಾ ಬೇರೆ ಯಾವುದೇ ಪ್ಲಸ್ ಇರುವವರು ಗಮನಿಸಿ, ಅದರ ಮೆಂಬ್ರೇನೇ ಬೇರೆ, ರಬ್ಬರ್ ಮಾದರಿಯದು ಅದಕ್ಕೆ ಕೂರುವುದಿಲ್ಲ.

ಟಿವಿಗೆ ಜೋಡಿಸುವುದು ಹೇಗೆ? ಯಂತ್ರ ಹೊರಡಿಸುವುದು ಯುಎಚ್‌ಎಫ್ 36ನೇ ಚಾನೆಲ್ಲಿನ ಆಂಟೆನಾ ಸಿಗ್ನಲ್. ನಮ್ಮಲ್ಲಿ ದೂರದರ್ಶನ ಬರುತ್ತಿದ್ದದ್ದು ವಿಎಚ್‌ಎಫ್‌ನಲ್ಲಿ, ಹಾಗಾಗಿ ಅಂದಿನ ಹಳೆಯ ಟಿವಿಗಳಲ್ಲಿ ಎಷ್ಟೋ ಅದನ್ನು ಹಿಡಿಯಲಾರವು. ಬಣ್ಣದ ಪದ್ಧತಿ ನಮ್ಮ ಟಿವಿಗಳದ್ದೇ ಆದ ‘ಪಾಲ್’ ಆದ್ದರಿಂದ ಅದರ ಚಿಂತೆಯಿಲ್ಲ. ಬ್ರಿಟನ್ನಿಗೂ ನಮಗೂ ಧ್ವನಿಯ ತರಂಗದಲ್ಲಿ ವ್ಯತ್ಯಾಸ ಇದೆ, ಆದರೆ ಈ ಯಂತ್ರ ಟಿವಿಗೆ ಧ್ವನಿಯನ್ನೇ ಕಳಿಸುವುದಿಲ್ಲ, ಪೀಪಿ ಊದುವ ಸ್ಪೀಕರು ಹೊಟ್ಟೆಯೊಳಗೇ ಇದೆ. ಎಲ್ಲಕ್ಕಿಂತ ಸುಲಭ ದಾರಿ ಕಾಂಪೊಸಿಟ್ ಮಾರ್ಪಾಡು. ಆಂಟೆನಾ ಸಿಗ್ನಲ್ ತಯಾರಿಸುವ ಮಾಡ್ಯುಲೇಟರ್ ಡಬ್ಬಿಗೆ ಹೋಗುವ ಎರಡು ತಂತಿ ಬಿಡಿಸಿ, ಚಿತ್ರದ ಸಿಗ್ನಲ್ ತಂತಿಯನ್ನು ಸಾಕೆಟ್ಟಿನ ನಡುಪಿನ್ನಿಗೆ ಬೆಸೆದರೆ ಟಿವಿಯ ಹಳದಿ ಎವಿ ಸಾಕೆಟ್ಟಿಗೆ ನೇರ ಕೊಡಬಹುದು. ಹತ್ತು ನಿಮಿಷದ ಕೆಲಸ.

ಆಟ ತುಂಬಿಸುವುದೇ ಈ ಯಂತ್ರದ ಅರ್ಧ ಸುಖ. ಆದೇಶಗಳನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡುವಂತಿಲ್ಲ. ಜೆ ಒತ್ತಿದರೆ ‘ಲೋಡ್’ ಎಂಬ ಇಡೀ ಪದವೇ ಮೂಡುತ್ತದೆ. ಆಮೇಲೆ ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ, ಎಂಟರ್. ಕ್ಯಾಸೆಟ್ ಶುರುವಾದೊಡನೆ ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟಿಗಳು ನಿಧಾನ ಜಾರಬೇಕು. ಅದು ಸುಮಾರು 807 ಹರ್ಟ್ಸ್‌ನ ಪೀಠಿಕೆಯ ದನಿ. ಮಾಹಿತಿ ಶುರುವಾದಾಗ ನೀಲಿ, ಹಳದಿಯ ತೆಳು ಗೆರೆಗಳು ಕಚಪಚ ಓಡುತ್ತವೆ. ವೇಗ ಸೆಕೆಂಡಿಗೆ ಸರಾಸರಿ 1500 ಬಿಟ್. ಶೀರ್ಷಿಕೆ ಚಿತ್ರ 6912 ಬೈಟ್, ಅದಕ್ಕೇ ಮುಕ್ಕಾಲು ನಿಮಿಷದ ಹತ್ತಿರ ಬೇಕು. ಚಿತ್ರ ಮೇಲಿನಿಂದ ಕೆಳಕ್ಕೆ ಸುಮ್ಮನೆ ಇಳಿಯುವುದಿಲ್ಲ: ಪರದೆಯ ಮೊದಲ ಮೂರನೇ ಒಂದು ಭಾಗದಲ್ಲಿ ಎಂಟೆಂಟು ಗೆರೆ ಬಿಟ್ಟು ಒಂದೊಂದು ಗೆರೆ ಬರುತ್ತದೆ, ತಿರುಗಿ ಮೇಲಿಂದ ಅದರ ಕೆಳಗಿನ ಗೆರೆಗಳು, ಹೀಗೆ ಎಂಟು ಸುತ್ತು. ಆಮೇಲೆ ನಡುವಿನ ಭಾಗ, ಆಮೇಲೆ ಕೆಳಗಿನದು. ಕಪ್ಪುಬಿಳುಪಿನಲ್ಲಿ ಎಲ್ಲ ಮುಗಿದ ಮೇಲೆ ಕೊನೆಯ ನಾಲ್ಕು ಸೆಕೆಂಡಿನಲ್ಲಿ 768 ಬೈಟ್ ಬಣ್ಣ ರಂಗೋಲಿಗೆ ಪುಡಿ ತುಂಬಿದ ಹಾಗೆ ಸಾಲುಸಾಲಾಗಿ ಬಂದು ಕೂರುತ್ತದೆ. ನಂತರ ಮೂರು ನಾಲ್ಕು ನಿಮಿಷ ಆಟದ ಸರದಿ. ‘ಆರ್ ಟೇಪ್ ಲೋಡಿಂಗ್ ಎರರ್’ ಬರುವುದಾದರೆ ಅದು ಹೆಚ್ಚಾಗಿ ಕೊನೆಯಲ್ಲೇ ಬರುತ್ತದೆ, ಏಕೆಂದರೆ ಲೆಕ್ಕ ತಾಳೆ ನೋಡುವ ಬೈಟು ಇರುವುದೇ ತುದಿಯಲ್ಲಿ.

ಆ ಎರರ್‌ಗೆ ಕಾರಣ ನೂರಕ್ಕೆ ತೊಂಬತ್ತು ಪಾಲು ಕ್ಯಾಸೆಟ್ ಪ್ಲೇಯರು, ಕ್ಯಾಸೆಟ್ಟಲ್ಲ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಪ್ರಿಂಗ್ ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಆಚೀಚೆ ತಿರುಗಿಸುತ್ತ ಕೇಳಿ, ದನಿ ಎಲ್ಲಿ ಅತ್ಯಂತ ಚೂಪಾಗಿ ಕಿವಿ ಕೊರೆಯುತ್ತದೋ ಅಲ್ಲಿಗೆ ಸರಿ. ವಾಲ್ಯೂಮ್ ಮುಕ್ಕಾಲಿಗಿಂತ ತುಸು ಮೇಲೆ. ಫೋನಿನಿಂದಲೂ ಲೋಡ್ ಮಾಡಬಹುದು: ಆಟದ ಕ್ಯಾಸೆಟ್ಟಿನ ಡಿಜಿಟಲ್ ಪ್ರತಿಯಾದ ಟಿಝಡ್‌ಎಕ್ಸ್ ಫೈಲನ್ನು ಆಡಿಯೊ ಮಾಡಿಕೊಂಡು, ಮೋನೋ ಕೇಬಲ್ಲಿನಲ್ಲಿ ಇಯರ್ ಸಾಕೆಟ್ಟಿಗೆ ಕೊಟ್ಟು, ಈಕ್ವಲೈಸರ್ ಆಫ್ ಮಾಡಿ. ಏರೋಪ್ಲೇನ್ ಮೋಡ್ ಹಾಕುವುದು ಮರೆಯಬೇಡಿ. ಇಲ್ಲದಿದ್ದರೆ ನಾಲ್ಕನೇ ನಿಮಿಷದಲ್ಲಿ ಫ್ಯಾಮಿಲಿ ಗ್ರೂಪಿಗೆ ಬಂದ ಗುಡ್ ಮಾರ್ನಿಂಗ್ ಮೆಸೇಜಿನ ‘ಟಿಂಗ್’ ಸದ್ದು ಆಟದ ಒಳಗೆ ಹೋಗಿ ಕೂರುತ್ತದೆ. ಈ ಯಾವ ರಗಳೆಯೂ ಬೇಡವೆಂದರೆ ಡಿವ್‌ಎಂಎಂಸಿ ಎಂಬ ಎಸ್‌ಡಿ ಕಾರ್ಡ್ ಇಂಟರ್‌ಫೇಸ್ ಇದೆ, ಎನ್‌ಎಂಐ ಬಟನ್ ಒತ್ತಿ ಪಟ್ಟಿಯಿಂದ ಆರಿಸಿಕೊಂಡರೆ ಆಯಿತು, ಆಟ ಕ್ಷಣದಲ್ಲಿ ಸಿದ್ಧ. ಕೊಳ್ಳಿ, ಆದರೆ ಮೊದಲ ತಿಂಗಳು ಹಾಕಬೇಡಿ.

ಆಟಗಳ ಬಗ್ಗೆ ಎರಡು ಮಾತಲ್ಲಿ ಮುಗಿಸಲಾಗದು. ಪರದೆ 256 ಗುಣಿಸು 192 ಚುಕ್ಕಿ, ಒಟ್ಟು 15 ಬಣ್ಣ. ಆದರೆ 8 ಗುಣಿಸು 8 ಚುಕ್ಕಿಯ ಒಂದು ಚೌಕದಲ್ಲಿ ಎರಡೇ ಬಣ್ಣಕ್ಕೆ ಜಾಗ. ಕೆಂಪು ರಾಕ್ಷಸ ಹಸಿರು ಗಿಡದ ಮುಂದೆ ಹಾದರೆ ಗಿಡವೂ ಅಷ್ಟಗಲ ಕೆಂಪಾಗುತ್ತದೆ. ಇದನ್ನು ದೋಷ ಎನ್ನುವವರು ಎನ್ನಲಿ. ಸ್ಪೆಕ್ಟ್ರಮ್ ಆಟಗಳ ಒಳ್ಳೆಯ ಕುಸುರಿಯೆಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಅಲ್ಟಿಮೇಟ್ ಕಂಪನಿಯ ನೈಟ್ ಲೋರ್ (1984) ಒಂದು ಕೋಣೆಗೆ ಒಂದೇ ಬಣ್ಣ ಬಳಿದು ಈ ಗೊಂದಲದಿಂದ ಪಾರಾಯಿತು. ಅದರ ಬದಲಿಗೆ ಕೊಟ್ಟದ್ದು ಓರೆಯಾಗಿ ನಿಂತ, ಆಳವಿರುವ ಲೋಕ. ಕೋಣೆಯಲ್ಲಿ ವಸ್ತುಗಳು ಹೆಚ್ಚಾದರೆ ಆಟ ತೆವಳುತ್ತದೆ, ಅಷ್ಟನ್ನು ಕ್ಷಮಿಸಬೇಕು.

ಮೊದಲು ಆಡಬೇಕಾದದ್ದು ಮಾತ್ರ ಮ್ಯಾಥ್ಯೂ ಸ್ಮಿತ್ ಬರೆದ ಮ್ಯಾನಿಕ್ ಮೈನರ್ (1983). 20 ಗುಹೆ, ಪ್ರತಿ ಗುಹೆಗೂ ಸ್ಕ್ರೋಲ್ ಇಲ್ಲದ ಒಂದೇ ಪರದೆ, ಕೆಳಗೆ ಕರಗುತ್ತಿರುವ ಗಾಳಿಯ ಪಟ್ಟಿ. ಕ್ಯೂನಿಂದ ಪಿವರೆಗಿನ ಸಾಲಿನಲ್ಲಿ ಒಂದು ಬಿಟ್ಟು ಒಂದು ಕೀಲಿ ಎಡಕ್ಕೆ, ಬಲಕ್ಕೆ. ಕೆಳಸಾಲಿನ ಕೀಲಿಗಳು ನೆಗೆತಕ್ಕೆ. ನೆಗೆದ ಮೇಲೆ ಗಾಳಿಯಲ್ಲಿ ದಿಕ್ಕು ಬದಲಿಸಲಾಗದು, ಅಲ್ಲೇ ಇರುವುದು ಆಟದ ಸ್ವಾರಸ್ಯ: ಕಾಲು ಎತ್ತುವ ಮುಂಚೆಯೇ ಎಲ್ಲಿ ಬೀಳುತ್ತೇನೆಂದು ಗೊತ್ತಿರಬೇಕು. ಧ್ವನಿಗೆ ಪ್ರತ್ಯೇಕ ಚಿಪ್ ಇಲ್ಲದಿದ್ದರೂ, ಸ್ಪೀಕರನ್ನು ಪ್ರೊಸೆಸರೇ ಬಡಿಯಬೇಕಿದ್ದರೂ, ಆಟದುದ್ದಕ್ಕೂ ರಾಗ ಕುಟ್ಟುತ್ತಲೇ ಇರುತ್ತದೆ. ಬಗ್‌ಬೈಟ್ ಕಂಪನಿಯ ಮೊದಲ ಆವೃತ್ತಿ ನಿಮ್ಮಲ್ಲಿದ್ದರೆ ಆಟದ ನಡುವೆ 6031769 ಒತ್ತಿ. ಪರದೆಯ ಕೆಳಗೆ ಒಂದು ಬೂಟು ಮೂಡಿದರೆ ಬೇಕಾದ ಗುಹೆಗೆ ಹಾರುವ ಚೀಟ್ ಸಿದ್ಧ. ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಆವೃತ್ತಿಯಲ್ಲಿ ಇದು ನಡೆಯದು, ಅಲ್ಲಿ ‘ಟೈಪ್‌ರೈಟರ್’ ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಒತ್ತಬೇಕು. ಸಾವೇ ಬೇಡವೆನ್ನುವವರಿಗೆ ಪೋಕ್ 35136,0 ಇದೆ; ಪೋಕ್ ಎಂದರೆ ಮೆಮೊರಿಯ ಒಂದು ಜಾಗದ ಅಂಕೆ ಬದಲಿಸುವ ಬೇಸಿಕ್ ಆದೇಶ. ಲೋಡ್ ಬದಲು ಮರ್ಜ್ ಕೊಟ್ಟರೆ ಬೇಸಿಕ್ ಭಾಗ ತಾನಾಗಿ ಓಡದೆ ನಿಲ್ಲುತ್ತದೆ, ಅದರ ಕೊನೆಯ ರ‍್ಯಾಂಡಮೈಸ್ ಯುಎಸ್‌ಆರ್‌ಗೆ ಮೊದಲು ಈ ಪೋಕ್ ಸೇರಿಸಿ ರನ್ ಕೊಡಿ.

ಮುಂದಿನ ಭಾಗ ಜೆಟ್ ಸೆಟ್ ವಿಲ್ಲಿ (1984) ಇನ್ನೂ ದೊಡ್ಡದು, ಆದರೆ ಮೂಲ ಆವೃತ್ತಿಯನ್ನು ಪೂರ್ತಿ ಮುಗಿಸಲಾಗದು. ಅಟ್ಟದ ಕೋಣೆಯಲ್ಲಿ ಹಾರುವ ಬಾಣವೊಂದು ಮೆಮೊರಿಯಲ್ಲಿ ತಾನು ಹೋಗಬಾರದ ಜಾಗಕ್ಕೆ ಹೋಗಿ ಬೇರೆ ಕೋಣೆಗಳನ್ನು ಕೆಡಿಸುತ್ತದೆ. ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಕಂಪನಿ ಮೊದಲಿಗೆ ಇದು ಬೇಕೆಂದೇ ಇಟ್ಟದ್ದು, ಆ ಕೋಣೆಗಳಲ್ಲಿ ವಿಷದ ಗಾಳಿಯಿದೆ ಎಂದು ಸಮಜಾಯಿಷಿ ಕೊಟ್ಟಿತು, ಆಮೇಲೆ ತೆಪ್ಪಗೆ ತಿದ್ದುಪಡಿಯ ಪೋಕ್‌ಗಳನ್ನು ಪ್ರಕಟಿಸಿತು. ಇದರ ಮೂಲ ಕ್ಯಾಸೆಟ್ ಕೊಳ್ಳುವಾಗ ಒಳಗೆ ಬಣ್ಣದ ಚೌಕಗಳ ಕಾರ್ಡ್ ಇದೆಯೇ ನೋಡಿ. ಲೋಡ್ ಆದ ಮೇಲೆ ಅದರಲ್ಲಿನ ಕೋಡ್ ಕೇಳುತ್ತದೆ, ಕಾರ್ಡ್ ಇಲ್ಲದಿದ್ದರೆ ಆಟವೂ ಇಲ್ಲ. ಎಲೀಟ್ (1985) ಇನ್ನೂ ಕಾಟ. ಅದಕ್ಕೆ ಲೆನ್ಸ್‌ಲಾಕ್ ಎಂಬ ಪ್ಲಾಸ್ಟಿಕ್ ಪಟ್ಟಕವನ್ನು ಟಿವಿ ಗಾಜಿಗೆ ಹಿಡಿದು ಅಕ್ಷರ ಓದಬೇಕು, ಇಂದಿನ ದೊಡ್ಡ ಪರದೆಯಲ್ಲಿ ಅದು ಹೊಂದಿಕೊಳ್ಳುವುದೇ ಕಷ್ಟ. ಇನ್ನೊಂದು ಸೂಕ್ಷ್ಮ: 1982-83ರ ಕೆಲವು ಆಟಗಳು ಇಶ್ಯೂ 3 ಎಂಬ ಮೂರನೇ ಆವೃತ್ತಿಯ ಬೋರ್ಡಿನಲ್ಲಿ ಯಾರೋ ಕೀಲಿ ಒತ್ತಿ ಹಿಡಿದ ಹಾಗೆ ಆಡುತ್ತವೆ. ಯಂತ್ರ ಕೆಟ್ಟಿಲ್ಲ, ಕೀಬೋರ್ಡ್ ಓದುವ ಪೋರ್ಟಿನ 6ನೇ ಬಿಟ್ ಇಶ್ಯೂ 2ರಲ್ಲಿ ಒಂದು ಥರ, 3ರಲ್ಲಿ ಇನ್ನೊಂದು ಥರ ಬರುತ್ತದೆ, ಅಷ್ಟೇ.

ಇಷ್ಟೆಲ್ಲ ಬೇಡ, ಸಂಜೆ ಅರ್ಧ ಗಂಟೆ ಆಡಿದರೆ ಸಾಕು ಎನ್ನುವವರಿಗೆ ರೆಟ್ರೋ ಗೇಮ್ಸ್ ಕಂಪನಿ 2024ರ ನವೆಂಬರಿನಲ್ಲಿ ತಂದ ‘ದ ಸ್ಪೆಕ್ಟ್ರಮ್’ ಇದೆ. ಬ್ರಿಟನ್ನಿನಲ್ಲಿ ಬಿಡುಗಡೆಯ ಬೆಲೆ 89.99 ಪೌಂಡ್. ಅದೇ ಗಾತ್ರ, ನಿಜವಾಗಿ ಒತ್ತಬಹುದಾದ ರಬ್ಬರ್ ಕೀಲಿ, ಎಚ್‌ಡಿಎಂಐ, ಒಳಗೇ 48 ಆಟ, ತಪ್ಪಿದರೆ ಹಿಂದಕ್ಕೆ ಓಡಿಸುವ ಸೌಲಭ್ಯ. ಪೆನ್‌ಡ್ರೈವಿನಿಂದ ಬೇರೆ ಆಟಗಳನ್ನೂ ಹಾಕಬಹುದು. ಹಾಬಿಟ್, ಹೆಡ್ ಓವರ್ ಹೀಲ್ಸ್ ಸಿಗುತ್ತವೆ, ಅಲ್ಟಿಮೇಟ್ ಕಂಪನಿಯ ಒಂದೂ ಆಟ ಪಟ್ಟಿಯಲ್ಲಿಲ್ಲ. ಕ್ಯಾಸೆಟ್ ಸಾಕೆಟ್ ಇಲ್ಲ, ಎಡ್ಜ್ ಕನೆಕ್ಟರ್ ಇಲ್ಲ; ಹಳೆಯ ಕೆಂಪ್‌ಸ್ಟನ್ ಜಾಯ್‌ಸ್ಟಿಕ್ ಇಂಟರ್‌ಫೇಸ್ ಇಟ್ಟುಕೊಂಡಿರುವವರಿಗೆ ಇದರಿಂದ ಪ್ರಯೋಜನವಿಲ್ಲ. ಆಡಲು ಇದು ಮೂಲಕ್ಕಿಂತ ಉತ್ತಮ. ಬೇಸಿಕ್ ಕಲಿಯಲೂ ಸಾಕು.

ಮೂಲ ಯಂತ್ರವನ್ನೇ ತರುವುದಾದರೆ ಬಂದ ದಿನ ಆಸೆ ತಡೆದುಕೊಂಡು, ಅಡಾಪ್ಟರನ್ನು ಮೊದಲು ಮೀಟರಿಗೆ ಹಿಡಿಯಿರಿ. ಕೆಂಪು ತುದಿ ಪಿನ್ನಿನ ಒಳಗೆ, ಕಪ್ಪು ತುದಿ ಹೊರಗೆ. ಮೀಟರ್ ಮೈನಸ್ ತೋರಿಸಿದರೆ ಮಾತ್ರ ಯಂತ್ರಕ್ಕೆ ಚುಚ್ಚಿ.